ಲೀಟರಿಗೆ ಎಷ್ಟು ಕೊಡುತ್ತೆ?

ಹಳೇ ಡೀಸೆಲ್ ಬಸ್ಸನ್ನು ಮನೆ ಮಾಡಿಕೊಂಡವನು ತಮಾಷೆ ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನಾಗೇ ಮೆಟ್ಟಿಲು ಹತ್ತಿ ಒಳಗೆ ಬರುತ್ತದೆ. ಪೀಣ್ಯದ ಕಾರ್ಖಾನೆಯಿಂದ ನಾನು ನಿವೃತ್ತನಾದ ಹೊತ್ತಿಗೇ ಅಲ್ಲಿನ ಸ್ಟಾಫ್ ಬಸ್ಸೂ ನಿವೃತ್ತವಾಯಿತು. ಕೊಂಡುಕೊಂಡೆ. ಸೀಟು ಕಿತ್ತು ಮಂಚ, ಒಲೆ, ಸಿಂಕು, ಗ್ರೈಂಡರ್ ಕೂರಿಸಿದೆ. ನನ್ನಾಕೆಯ ಷರತ್ತು ಒಂದೇ: "ಲೀಟರಿಗೆ ಐದು ಕೊಟ್ಟರೆ ಗೋಕರ್ಣಕ್ಕೆ ಬರ್ತೀನಿ. ಇಲ್ಲದಿದ್ದರೆ ನೀವೂ ನಿಮ್ಮ ಬಸ್ಸೂ ಹೋಗ್ಬನ್ನಿ."

ಓನರ್ ಲೆಕ್ಕ

ಬಸ್ ನಿಲ್ಲಿಸಿದ್ದು ಹೂಡಿಯಲ್ಲಿ, ಪಕ್ಕದ ಪೀಜಿ ಬಿಲ್ಡಿಂಗ್ ಯಜಮಾನರ ಖಾಲಿ ಸೈಟಿನಲ್ಲಿ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ರೂಮು ಬೆಳೆಯುವವರು. ಒಳಗೆಲ್ಲ ಇಣುಕಿ, "ಎಷ್ಟು ಕೊಡ್ತದೆ ಸಾ?" ಅಂದರು.

"ನಾಲ್ಕು ಕೊಟ್ಟರೆ ಪುಣ್ಯ," ಅಂದೆ.

"ಬರೀ ನಾಕು ಸಾವ್ರವಾ? ಅಡುಗೆಮನೆ ಐತೆ, ಗಾಳಿ ಬೆಳಕು ಐತೆ. ಬ್ಯಾಚುಲರ್ಸ್‌ಗೆ ಬುಟ್ರೆ ತಲೆಗೆ ಆರು ಗ್ಯಾರಂಟಿ! ಅಂಗೇ ಅಡ್ವಾನ್ಸೂ ಈಸ್ಕೊಳ್ಳಿ!"

ವೆಯ್ಟು

ಜಿಗಣಿಯ ಮೆಕ್ಯಾನಿಕ್ ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, "ಇಂಜಿನ್ ಗಟ್ಟಿ ಇದೆ ಸಾರ್. ವೆಯ್ಟ್ ಜಾಸ್ತಿ. ಇಳಿಸಿದ್ರೆ ಮೈಲೇಜ್ ಬರುತ್ತೆ," ಅಂದ.

ಹಿಂದಿನಿಂದ ನನ್ನಾಕೆ, "ಯಾರ ವೆಯ್ಟು?"

ಬಡಪಾಯಿ ತಬ್ಬಿಬ್ಬಾದ. "ಗ್ರೈಂಡರ್‌ದು ಮೇಡಂ, ಗ್ರೈಂಡರ್‌ದು!"

"ಗ್ರೈಂಡರ್ ದೋಸೆಹಿಟ್ಟು ರುಬ್ಬುತ್ತೆ. ಇವರೇನು ಮಾಡ್ತಾರೆ?"

ಮೆಕ್ಯಾನಿಕ್ ಗ್ರೈಂಡರನ್ನೂ ನನ್ನಾಕೆಯನ್ನೂ ಕೂರಿಸಿಕೊಂಡು ಟ್ರಯಲ್ ರೌಂಡಿಗೆ ಹೊರಟ. ವೆಯ್ಟನ್ನು ಬೇಕರಿ ಮುಂದೆ ಇಳಿಸಿದ್ದರು. ಇಳಿದ ವೆಯ್ಟು ಎರಡು ಪಫ್ಸ್ ತಿಂದು ಇನ್ನಷ್ಟು ಜಾಸ್ತಿಯಾಯಿತು.

ಪರೀಕ್ಷೆ

ಕೊನೆಗೆ ಫುಲ್ ಟ್ಯಾಂಕ್ ಮಾಡಿಸಿ ಇಬ್ಬರೇ ಮೈಲೇಜ್ ಪರೀಕ್ಷೆಗೆ ಹೊರಟೆವು. ಮಹದೇವಪುರದಲ್ಲಿ ಜಾಮ್. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವ ಜಾಯಮಾನವಲ್ಲ ನಮ್ಮ ಇಂಜಿನ್ನಿನದು; ನಿಂತಲ್ಲೇ ಗಡಗಡ ಅಂತ ಡೀಸೆಲ್ ಕುಡಿಯುತ್ತಿತ್ತು. ನಾನು ಅಳಿಸದೆ ಬಿಟ್ಟಿದ್ದ 'ಸ್ಟಾಫ್ ಬಸ್' ಅಕ್ಷರ ನೋಡಿ, ಶಿಫ್ಟ್ ಮುಗಿಸಿದ ಏಳೆಂಟು ಜನ ಹತ್ತಿಯೇಬಿಟ್ಟರು. ರಾಯಚೂರು ಕಡೆಯವನೊಬ್ಬ ಮಂಚದ ಮೇಲೆ ಕೂತು, "ಏನ್ರಿ ಅಣ್ಣಾರ, ಕಂಪನಿಗಿ ಒಮ್ಮಿಗೇ ಇಷ್ಟ್ ಕರುಣಾ ಬಂತ?" ಅಂದ.

ಇಳಿಸುತ್ತಾಳೆ ಅಂದುಕೊಂಡೆ. ನನ್ನಾಕೆ ಒಲೆ ಹಚ್ಚಿ ಉಪ್ಪಿಟ್ಟಿಗಿಟ್ಟಳು. ಘಮಕ್ಕೆ ಪಕ್ಕದ ಕಾರಿನವನೂ ಗಾಜು ಇಳಿಸಿ, "ಆಂಟಿ, ಪಾರ್ಸೆಲ್ ಇದ್ಯಾ?" ಅಂದ.

ಉಪ್ಪಿಟ್ಟು ತಿಂದವರನ್ನೆಲ್ಲ ಇಳಿಸಿ, ಬಂಕಿಗೆ ವಾಪಸ್ ಬಂದು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ, ಲೀಟರಿಗೆ ಮೂರು! ಗೋಕರ್ಣ ಕೈತಪ್ಪಿತು ಅಂತ ಜೋಲುಮುಖ ಹಾಕಿ ನಿಂತೆ.

"ಎಷ್ಟು ಕೊಡ್ತು ಅಂಕಲ್?" ಅಂದ ಬಂಕಿನವನು.

ನಾನು ಬಾಯಿ ಬಿಡುವ ಮೊದಲೇ ನನ್ನಾಕೆ, "ಕಿಲೋಮೀಟರ್ ಮೂರು, ಉಪ್ಪಿಟ್ಟು ಎರಡು ಪ್ಲೇಟು. ಲೀಟರಿಗೆ ಒಟ್ಟು ಐದು, ಪಾಸು!" ಅಂದಳು.

ಆಮೇಲೆ ನನ್ನತ್ತ ತಿರುಗಿ, "ಗೋಕರ್ಣಕ್ಕೆ ರವೆ ಜಾಸ್ತಿ ತನ್ನಿ. ಮೈಲೇಜ್ ನಾನು ನೋಡ್ಕೋತೀನಿ."