ಬೋರಲಿಂಗಯ್ಯನವರ ಎರಡು ನಿಮಿಷ

ಯಾವ ಯುಗದಲ್ಲಿ ಎತ್ತರವೇ ಪರಾಕ್ರಮವೆನಿಸಿ, ಕಬ್ಬಿಣದ ಬಳೆಯೊಳಗೆ ಚೆಂಡನ್ನು ಇಳಿಬಿಡುವುದೇ ಪರಮಪುರುಷಾರ್ಥವಾಗಿ, ಎಂಟು ನಗರಗಳ ಎಂಟು ತಂಡಗಳು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗೆಂಬ ಮಹಾಸಮರದಲ್ಲಿ ಮೊಣಕೈ ತಿವಿದಾಡುತ್ತಿದ್ದವೋ, ಆ ಯುಗವನ್ನು ನೆನೆದು, ಗಾಳಿ ತುಂಬಿದ ಕಿತ್ತಳೆವರ್ಣದ ದೇವತೆಗೆ ಅಡ್ಡಬಿದ್ದು, ಶೀಟಿಕಂಠಾಭರಣರೂ ತೀರ್ಪುಗಾರನಿಂದಾವಿಶಾರದರೂ ಚತುರ್ದಶಪರಾಜಯಪರಿಶೋಭಿತರೂ ಆದ ಮಂಡ್ಯ ತಂಡದ ಕೋಚ್ ಬೋರಲಿಂಗಯ್ಯನವರ ಕಥೆಯನ್ನು ಹೇಳುತ್ತೇನೆ, ಕೇಳಿ.

ಹದಿನಾಲ್ಕು ಪಂದ್ಯಗಳಲ್ಲಿ ಹದಿನಾಲ್ಕನ್ನೂ ಸೋಲುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಹೊಸ ಆಟಗಾರರನ್ನು ಹಂಚಿಕೊಳ್ಳುವ ವಾರ್ಷಿಕ ಸಭೆಯಲ್ಲಿ ಕಟ್ಟಕಡೆಯ ತಂಡಕ್ಕೇ ಮೊದಲ ಆಯ್ಕೆ ಎಂಬುದು ಲೀಗಿನ ನಿಯಮ. ಹದಿಮೂರು ಸೋಲು ತಾವಾಗಿಯೇ ಬಂದವು, ಹದಿನಾಲ್ಕನೆಯದಕ್ಕೆ ಮಾತ್ರ ಕೋಚ್ ತಲೆ ಓಡಿಸಬೇಕಾಯಿತು. ಗುರಿ ಒಂದೇ: ಬೀದರಿನ ಶರಣಬಸು, ಏಳಡಿ ಎತ್ತರದವನು, ತುದಿಗಾಲಲ್ಲಿ ನಿಂತರೆ ಬಳೆ ಮುಟ್ಟುವವನು. ಅವನನ್ನು ತರದಿದ್ದರೆ ಶೀಟಿ ಬಿಚ್ಚಿಟ್ಟು ಮನೆಗೆ ಹೋಗಿ ಎಂದು ತಂಡದ ಯಜಮಾನರು ಹೇಳಿಬಿಟ್ಟಿದ್ದರು. ಕೋಚ್ ಎಷ್ಟು ನಿಶ್ಚಿಂತರಾಗಿದ್ದರೆಂದರೆ, ಏಳಡಿಯ ಅಳತೆಗೆ ಜೆರ್ಸಿ ಹೊಲಿಸಿ, ಬೆನ್ನ ಮೇಲೆ 'ಶರಣಬಸು' ಎಂದು ಅಚ್ಚು ಹಾಕಿಸಿಕೊಂಡೇ ಬಂದಿದ್ದರು.

ದಾವಣಗೆರೆಯ ಕಲ್ಯಾಣಮಂಟಪದಲ್ಲಿ, ವಧೂವರರು ಕೂರುವ ವೇದಿಕೆಯ ಮೇಲೆ ಎಂಟು ಮಂದಿ ಹೊಸ ಆಟಗಾರರು ಸಾಲಾಗಿ ಕುಳಿತಿದ್ದರು. ಲೀಗಿನ ಅಧಿಕಾರಿ ವ್ಯಾಸರಾಯರು ಗಂಟೆ ಹಿಡಿದು ನಿಂತರು.

"ಎರಡು ನಿಮಿಷದಾಗ ಹೆಸರು ಹೇಳ್ರಿ. ಗಂಟಿ ಹೊಡದ್ರ ನಿಮ್ಮ ಸರದಿ ಕಡೀಕ್ ಹೋಗ್ತದ."

ಬೋರಲಿಂಗಯ್ಯನವರು ಎದ್ದರು. ಶಾಲು ಸರಿಪಡಿಸಿಕೊಂಡು ಮೈಕನ್ನು ಎರಡು ಸಲ ತಟ್ಟಿದರು.

"ಎಲೈ ಸಪ್ತತಂಡಾಧಿಪತಿಗಳಿರಾ, ನಮ್ಮನ್ನು ಸೋಲಿಸಿ ಸೋಲಿಸಿ ದಣಿದ ನಿಮ್ಮ ಭುಜಗಳಿಗೆ ಇನ್ನು ವಿಶ್ರಾಂತಿ. ಇಂದು ನಾನು ಉಚ್ಚರಿಸಲಿರುವ ಹೆಸರನ್ನು ಕೇಳಿದೊಡನೆ ನಿಮ್ಮ ಬಳೆಗಳು ಬಾಗುವವು, ನಿಮ್ಮ ಬಲೆಗಳು ಹರಿಯುವವು..."

ತಂಡದ ಫಿಸಿಯೋ ದೇವೀರಮ್ಮ ಶಾಲಿನ ತುದಿ ಜಗ್ಗಿದರು. "ಸಾ, ಮೊದ್ಲು ಹೆಸ್ರು ಹೇಳ್ಬುಡಿ."

"ತಡಿಯವ್ವ, ಪೀಠಿಕೆ ಮುಗೀಲಿ."

ಪೀಠಿಕೆ ಸೋಲುಗಳನ್ನು ಒಂದೊಂದಾಗಿ ವರ್ಣಿಸುತ್ತ ಒಂಬತ್ತನೆಯದಕ್ಕೆ ಬಂತು. ದೇವೀರಮ್ಮನ ಮುಖ ಕಂಡು ಉಳಿದ ಐದನ್ನು ಅವರು ದೊಡ್ಡ ಮನಸ್ಸು ಮಾಡಿ ಕೈಬಿಟ್ಟರು. "ಆ ಮಹಾಪುರುಷನ ನಾಮಧೇಯವು..." ಎಂದು, ಸಭೆ ಇನ್ನಷ್ಟು ಕಾಯಲಿ ಎಂದು ಉಸಿರೆಳೆದುಕೊಂಡರು. ಗಂಟೆ ಬಡಿಯಿತು.

ಮುಂದಿನ ಸರದಿ ಮಂಗಳೂರಿನದು. ಅವರ ಕೋಚ್ ಸಿಲ್ವಿಯಾ ಮೇಡಂ ಕುಳಿತಲ್ಲಿಂದಲೇ "ಶರಣಬಸು" ಎಂದು ಹೇಳಿ ನೀರು ಕುಡಿದರು.

ಬೋರಲಿಂಗಯ್ಯನವರು ಒಂದು ಇಡೀ ವರ್ಷ ಬೈಸಿಕೊಂಡು ಕೂಡಿಟ್ಟ ಸೋಲುಗಳೆಲ್ಲ ನೀರುಪಾಲಾಗಿದ್ದವು. ಕೈ ತಾನಾಗಿಯೇ ಕೊರಳ ಶೀಟಿಗೆ ಹೋಯಿತು. ಅವರಿಗೆ ಅಳು ಬಂದಿತ್ತು, ಮೈಕಿನ ಮುಂದೆ ಅಳಲಾರದೆ ಕುಳಿತರು.

ಏಳು ತಂಡಗಳ ಆಯ್ಕೆ ಮುಗಿದಾಗ ವೇದಿಕೆಯಲ್ಲಿ ಉಳಿದವನು ಹರಿಹರದ ದತ್ತಾತ್ರಿ, ಐದಡಿ ನಾಲ್ಕಂಗುಲ. ಆರಿಸುವುದಕ್ಕೆ ಏನೂ ಇರಲಿಲ್ಲ. ಅವನು ಖುಷಿಯಿಂದ ಓಡಿಬಂದು, ಫೋಟೋಗೆಂದು ಜೆರ್ಸಿ ತೊಟ್ಟ. ಅದು ಮೊಣಕಾಲು ದಾಟಿ ಇಳಿಯಿತು. ಅವನು ಕೆಳಗೆ ನೋಡಿಕೊಂಡ, ಕೋಚರನ್ನು ನೋಡಿದ.

"ಸರ್, ಇದರ ಒಳಗ ಚಡ್ಡಿ ಬೇಕಾಗ್ತದೇನ್ರಿ?"

"ಬೇಕು," ಎಂದರು ಬೋರಲಿಂಗಯ್ಯ. ಅಂದು ಅವರು ಎರಡು ನಿಮಿಷದೊಳಗೆ ಹೇಳಿ ಮುಗಿಸಿದ ಮಾತು ಅದೊಂದೇ.