ಅಧ್ಯಕ್ಷರ ಯಜಮಾನರ ವೈರ್‌ಲೆಸ್ಸು

ಷಣ್ಮುಖಪ್ಪನವರು ‘ಅಧ್ಯಕ್ಷರ ಯಜಮಾನರು’. (ಪಂಚಾಯತಿ ಕಾಯ್ದೆಯಲ್ಲಿ ಇಂಥ ಹುದ್ದೆಯಿಲ್ಲ, ನಮ್ಮ ಕಡೆ ಧಾರಾಳವಾಗಿದೆ.) ಮಹಿಳಾ ಮೀಸಲಾತಿಯಲ್ಲಿ ಗೆದ್ದವರು ಹೆಂಡತಿ ಸರ್ವಮಂಗಳಮ್ಮ; ಹಾರ ಹಾಕಿಸಿಕೊಂಡವರು ಇವರು. ಆಕೆಗೆ ಮೊಬೈಲು ಕೊಡಿಸಿದರೆ ಜನ ನೇರವಾಗಿ ಅಧ್ಯಕ್ಷರೊಂದಿಗೇ ಮಾತಾಡಿಬಿಡುವ ಅಪಾಯವಿತ್ತು. ಆದ್ದರಿಂದ ಭತ್ತ ಕೊಯ್ಯುವ ಯಂತ್ರಗಳ ವ್ಯವಹಾರಕ್ಕೆಂದು ಲೈಸೆನ್ಸ್ ಮಾಡಿಸಿದ್ದ ವೈರ್‌ಲೆಸ್ಸಿನ ಒಂದು ಸೆಟ್ಟನ್ನು ಜೀಪಿಗೂ ಇನ್ನೊಂದನ್ನು ಅಡುಗೆಮನೆಯ ಹಿಟ್ಟಿನ ಡಬ್ಬಿಯ ಪಕ್ಕಕ್ಕೂ ಕೂರಿಸಿ, ಊರಿನ ಆಡಳಿತವನ್ನು ನಾಲ್ಕು ಚಕ್ರಗಳ ಮೇಲಿಂದಲೇ ನಡೆಸುತ್ತಿದ್ದರು.

“ಆ ಕಾಗದಕ್ಕೆ ಸಹಿ ಹಾಕು, ಓವರ್. ಈ ಕಾಗದಕ್ಕೆ ಬ್ಯಾಡ, ಓವರ್.”

ಇಂಥ ಸುಭಿಕ್ಷ ಸಾಮ್ರಾಜ್ಯಕ್ಕೆ ದಸರಾ ಮುಗಿದ ಕೂಡಲೇ ಗ್ರಹಣ ಹಿಡಿಯಿತು. ಎಂಜಿನ್ ಚಾಲೂ ಮಾಡಿದರೆ ಸೆಟ್ಟಿನೊಳಗೆ ‘ಗುಂಯ್’. ಆಕ್ಸಿಲರೇಟರ್ ಒತ್ತಿದಷ್ಟೂ ಅದು ‘ಕುಂಯ್ಯ್’ ಎಂದು ಏರುತ್ತಿತ್ತು. ದೃಷ್ಟಿಯಾಗಿದೆಯೆಂದು ಆಂಟೆನಾಕ್ಕೆ ನಿಂಬೆಹಣ್ಣು ಕಟ್ಟಿದ್ದಾಯಿತು. ನಿಂಬೆಹಣ್ಣು ಒಣಗಿತೇ ಹೊರತು ಸದ್ದು ಅಡಗಲಿಲ್ಲ.

ಅಷ್ಟರಲ್ಲಿ ಗಂಡಾಂತರ. ಕುಡಿಯುವ ನೀರಿನ ಬೋರ್‌ವೆಲ್ ಷಡ್ಡಕನ ತೋಟದ ಬೇಲಿಗೆ ಅಂಟಿಕೊಂಡೇ ಬರಬೇಕೆಂದು ಇವರ ಆಸೆ. ನೀರಿಲ್ಲದ ಕಾಲೋನಿಯಲ್ಲಿ ಕೊರೆಸಬೇಕೆಂದು ಸದಸ್ಯೆ ಕರಿಯಕ್ಕ ಕಾಗದ ಹಿಡಿದು ಇವರ ಮನೆಯಲ್ಲೇ ಕೂತಿದ್ದರು!

“ಲೇ ಮಂಗ್ಳಾ, ಆಯಮ್ಮನ ಕಾಗದಕ್ಕೆ ಸಹಿ ಹಾಕಬ್ಯಾಡ!”

“ಗುಂಯ್... ಏನ್ರೀ? ಜೇನುಹುಳ ಹೊಕ್ಕಂಗೈತೆ... ಕುಂಯ್ಯ್...”

ಎಂಜಿನ್ ಆರಿಸಿ ಮಾತಾಡಬಹುದಿತ್ತು. ಆದರೆ ಬ್ಯಾಟರಿ ಸೋತಿತ್ತು. ಆರಿಸಿದರೆ ನಾಲ್ಕು ಜನ ತಳ್ಳಬೇಕು. ಅಧ್ಯಕ್ಷರ ಯಜಮಾನರನ್ನು ಜನ ನಡುಬೀದಿಯಲ್ಲಿ ತಳ್ಳುವುದೇ? ಜೀಪು ನೇರ ನ್ಯಾಮತಿಯ ಎಲೆಕ್ಟ್ರಿಷಿಯನ್ ನಿಂಗರಾಜ್‌ನ ಅಂಗಡಿ ಮುಂದೆ ನಿಂತಿತು.

“ಎಂಜಿನ್ ಜೋರಾದಂಗೆ ಸದ್ದು ಏರ್ತೈತಲ್ಲ, ಇದು ಡೈನಮೋದ್ದೇ,” ಎಂದ ನಿಂಗರಾಜ್. ಡೈನಮೋದ ಬೆಲ್ಟ್ ಬಿಚ್ಚಿ, ತನ್ನ ಬ್ಯಾಟರಿ ಕೊಟ್ಟು ಚಾಲೂ ಮಾಡಿದ. ಸೆಟ್ಟು ಗಪ್‌ಚುಪ್. ಬೆಲ್ಟ್ ಹಾಕಿದ. ‘ಗುಂಯ್!’ ಆಮೇಲೆ ಬಾನೆಟ್ಟಿನೊಳಗೆ ತಲೆ ತೂರಿಸಿದವನು ಅಲ್ಲಿಂದಲೇ ಕೇಳಿದ:

“ಯಜಮಾನ್ರೇ, ಆಯುಧಪೂಜೆಗೆ ಬಣ್ಣ ಬಳ್ದಿದ್ದು ಯಾರು?”

“ನಾನೇ! ಹೆಂಗೆ ಹೊಳೀತೈತೆ ನೋಡು!”

“ಅರ್ತ್ ವೈರು ಕೂರೋ ಜಾಗಕ್ಕೂ ಬಳ್ದೀರಲ್ರೀ! ಅದಕ್ಕೇ ಡೈನಮೋ ಸದ್ದು ಸೆಟ್ಟಿಗೆ ನುಗ್ತೈತೆ. ಮ್ಯಾಲೆ ಅರಿಶಿನ-ಕುಂಕುಮ ಬೇರೆ ಮೆತ್ತೀರಿ. ಕಬ್ಬಿಣಕ್ಕೆ ತಾಮ್ರ ತಾಗಬೇಕೋ, ನಿಮ್ಮ ಭಕ್ತಿ ತಾಗಬೇಕೋ?”

ಉಪ್ಪುಕಾಗದದಲ್ಲಿ ಉಜ್ಜಿ, ಬೋಲ್ಟ್ ಬಿಗಿದು, ಸೆಟ್ಟಿನ ವೈರನ್ನು ನೇರ ಬ್ಯಾಟರಿಗೇ ಎಳೆದ. ಎಂಜಿನ್ ಓಡುತ್ತಿತ್ತು, ಸೆಟ್ಟಿನಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಪಕ್ಕದ ಚಹಾದಂಗಡಿಯವರೆಲ್ಲ ಪವಾಡ ನೋಡಲು ಸುತ್ತುವರಿದರು. ಷಣ್ಮುಖಪ್ಪನವರು ಎದೆ ಸೆಟೆಸಿ ಮೈಕಿನ ಗುಂಡಿ ಒತ್ತಿದರು.

“ಮಂಗ್ಳಾ, ಕರಿಯಕ್ಕನ ಕಾಗದಕ್ಕೆ ಸಹಿ ಹಾಕಬ್ಯಾಡ. ಇದು ನನ್ನ ಅಪ್ಪಣೆ. ಓವರ್!”

ಬಂದ ಉತ್ತರ ಗಂಟೆಯಂತೆ ಖಣಿಲೆಂದಿತು. “ಹಾಕಿ ಆತು ಕಣ್ರೀ. ಬೋರು ಕೊರೆಯೋದು ನೀರಿಲ್ಲದೋರಿಗೆ, ನನ್ನ ತಂಗಿ ಗಂಡನ ತೋಟಕ್ಕಲ್ಲ. ಮತ್ತೆ, ಮೂರು ಗಂಟೆಗೆ ಸಭೆ ಐತೆ. ನಾನೂ ಕರಿಯಕ್ಕನೂ ಹೋಗಾಕೆ ಜೀಪು ಬೇಕು, ಜಲ್ದಿ ತಗಂಡು ಬರ್ರಿ. ನೀವು ಒಳಗೆ ಬರಂಗಿಲ್ಲ, ಗಾಡಿ ಹತ್ರಾನೇ ಇರ್ರಿ. ಓವರ್.”

ಚಹಾದ ಲೋಟಗಳು ಗಾಳಿಯಲ್ಲೇ ನಿಂತವು. ಷಣ್ಮುಖಪ್ಪನವರು ಆ ಗುಂಯ್‌ಕಾರವನ್ನು ಮರಳಿ ಕರೆಯುವ ಆಸೆಯಿಂದ ಆಕ್ಸಿಲರೇಟರನ್ನು ನೆಲಕ್ಕಂಟುವಂತೆ ತುಳಿದರು. ಎಂಜಿನ್ ಬೊಬ್ಬಿರಿಯಿತು. ಸೆಟ್ಟಿನೊಳಗಿನ ಹೆಂಡತಿಯ ದನಿ ಮಾತ್ರ ಕೂದಲೆಳೆಯಷ್ಟೂ ಕೆಡಲಿಲ್ಲ.

“ಯಾಕ್ರೀ ಸುಮ್ನಾದ್ರಿ? ಕೇಳ್ತಿಲ್ಲೇನು?”

ತನ್ನ ಕೈಚಳಕಕ್ಕೆ ತಾನೇ ಹಿಗ್ಗಿದ ನಿಂಗರಾಜ್ ಅವರ ಕೈಯಿಂದ ಮೈಕು ಕಸಿದುಕೊಂಡ.

“ಇಡೀ ಬೀದಿಗೇ ಕೇಳ್ತೈತೆ, ಅಧ್ಯಕ್ಷ್ರೇ!”