ಕಂಪ್ಯೂಟರಿನ ಕೋಟು, ಹಟ್ಟಿಯ ಕಂಬಳಿ

ಇವತ್ತು ಏನೇ ಆದರೂ ನಗಬಾರದು ಅಂತ ನಾನು ಹಲ್ಲು ಕಚ್ಚಿ ಕೂತ ದಿನವೇ ನಗುವಂಥದ್ದೊಂದು ನಮ್ಮ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬರುತ್ತದೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ಕ್ಯಾಮೆರಾ ನಮ್ಮ ಯಜಮಾನರದು, ಕಂಪ್ಯೂಟರ್ ನನ್ನದು. ಅವರು ಫೋಟೊ ತೆಗೆದು ಟೀ ಕುಡಿಯಲು ಎದ್ದು ಹೋಗುತ್ತಾರೆ. ಮೊಡವೆ ಒರೆಸುವುದು, ಬೋಳುತಲೆಯ ಹೊಳಪು ಇಳಿಸುವುದು, ಸತ್ತವರಿಗೆ ಹಾರ ಹಾಕುವುದು ಎಲ್ಲ ನನ್ನ ಪಾಲಿಗೆ. ಬರುವವರಲ್ಲಿ ಅರ್ಧ ಜನ ಮದುವೆ ಮನೆಯವರು, ಇನ್ನರ್ಧ ಸಾವಿನ ಮನೆಯವರು. ಕೂರುವ ಬೆಂಚು ಮಾತ್ರ ಒಂದೇ. ಅದಕ್ಕೇ ನಾನು ಮುಖ ಬಿಗಿದುಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಈ ಹೆಂಗಸು ನಕ್ಕಿದ್ದನ್ನು ನಾವು ಕಂಡೇ ಇಲ್ಲ ಅಂತ ಪಕ್ಕದ ಜೆರಾಕ್ಸ್ ಅಂಗಡಿಯವರು ಹೇಳುತ್ತಾರಂತೆ. ಹೇಳಲಿ.

ಈಚೆಗೆ ಫೋಟೊ ತಿದ್ದುವ ಸಾಫ್ಟ್‌ವೇರ್ ಹೊಸದು ಹಾಕಿಸಿದೆವು. ಅದರ ಮೂಲೆಯಲ್ಲೊಂದು ಗುಂಡಿ. ಒತ್ತಿದರೆ ಒಳಗೆ ದೊಡ್ಡ ಉಗ್ರಾಣ! ಬಗೆಬಗೆಯ ಆಕಾಶ, ಕೋಟು, ಟೈ, ಚೌಕಟ್ಟು, ಹಾರ, ಹಕ್ಕಿ, ಕೊನೆಗೆ ಮುಖಕ್ಕೆ ಅಂಟಿಸುವ ನಗು ಕೂಡ. ಎಲ್ಲ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದನ್ನು ಬಳಸದೆ ಬಿಡುವ ಮನೆತನ ನಮ್ಮದಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ಒಂದೊಂದನ್ನೇ ತೆಗೆದು ನೋಡಿದೆ. ನನ್ನ ಆ ಉತ್ಸಾಹದಿಂದ ಒಬ್ಬ ಹೆಂಗಸು ಸತ್ತ ಗಂಡನಿಗೆ ಇಡಬೇಕಾದ ಎಡೆಯನ್ನು ಯಾರೋ ಅಪರಿಚಿತನ ಮುಂದೆ ಇಡುವ ಹಾಗಾಗಿತ್ತು. ಅದನ್ನು ಹೇಳಬೇಕೆಂದೇ ಬರೆಯಲು ಕೂತೆ. ಆದರೆ ಅದಕ್ಕೆ ಮುಂಚೆಯೇ ನನಗೆ ಎರಡು ಸಲ ಎಚ್ಚರಿಕೆ ಸಿಕ್ಕಿತ್ತು, ಅದನ್ನೂ ಹೇಳಬೇಕು.

ಪುಕ್ಕಟೆ ಮೋಡ

ಬಿ.ದುರ್ಗದ ರೈತರೊಬ್ಬರು ತಮ್ಮ ಹೊಸ ಮನೆಯ ಫೋಟೊವನ್ನು ಮೊಬೈಲಿನಲ್ಲಿ ತಂದರು. ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಹೊಸದುರ್ಗದ ಕಡೆಯ ಹೆಣ್ಣಿನವರು, ಹುಡುಗನ ಫೋಟೊ ಆಮೇಲೆ, ಮೊದಲು ಮನೆ ತೋರಿಸಿ ಅಂದಿದ್ದರಂತೆ. ಮನೆ ಚೆನ್ನಾಗಿತ್ತು, ಮೇಲಿನ ಆಕಾಶ ಮಾತ್ರ ತೊಳೆದ ಪಾತ್ರೆಯ ಹಾಗೆ ಬೋಳಾಗಿತ್ತು. ಉಗ್ರಾಣದಿಂದ ಒಂದು ಒಳ್ಳೆ ಕಪ್ಪು ಮೋಡ ತೆಗೆದು ಮನೆ ಮೇಲೆ ಕೂರಿಸಿದೆ. ಮನೆಗೆ ಅರಮನೆ ಕಳೆ ಬಂತು.

ಅವರು ಬಹಳ ಹೊತ್ತು ನೋಡಿದರು. "ಚೆಂದಾಗೈತೆ ಅಕ್ಕೋರೆ. ಆದ್ರೆ ಅಂಗಳ ನೋಡ್ರಿ."

ಅಂಗಳದ ತುಂಬ ಮೆಕ್ಕೆಜೋಳ ಹರವಿತ್ತು.

"ಇಂಥಾ ಮೋಡ ಕಟ್ಟೈತೆ, ಜೋಳ ಹಂಗೇ ಬಿದ್ದೈತೆ, ಮನೆಯಾಗಿಂದ ಒಬ್ರೂ ಹೊರಗೆ ಓಡಿ ಬಂದಿಲ್ಲ. ಹೆಣ್ಣಿನೋರು ಏನಂತಾರೆ? ಇವ್ರು ಹೊದ್ಕಂಡು ಮಲಗೋ ಜನ ಅಂತಾರೆ."

"ಮೋಡ ತೆಗೆದುಬಿಡ್ತೀನಿ ಬಿಡ್ರಿ" ಅಂದೆ.

"ಬ್ಯಾಡ ಬ್ಯಾಡ, ಮೋಡ ಇರ್ಲಿ. ಜೋಳದ ಮೇಲೆ ಒಂದು ಟಾರ್ಪಾಲು ಎಳೀರಿ."

ಉಗ್ರಾಣವನ್ನೆಲ್ಲ ಜಾಲಾಡಿದೆ. ಹಿಮದ ಬೆಟ್ಟ ಇತ್ತು, ಹಡಗು ಇತ್ತು, ರೆಕ್ಕೆ ಇರುವ ಕುದುರೆ ಇತ್ತು. ಟಾರ್ಪಾಲು ಇರಲಿಲ್ಲ. ಈ ಸಾಫ್ಟ್‌ವೇರ್ ಮಾಡಿದವರ ಪೈಕಿ ಒಬ್ಬರ ಮನೆಯಲ್ಲೂ ಜೋಳ ಒಣಗಿಸಿದಂತಿಲ್ಲ.

ಸಿಟ್ಟು ವಾಪಸ್ ಕೊಡ್ರಿ

ಹಿರಿಯೂರಿನ ಒಂದು ಮದುವೆಯ ಆಲ್ಬಮ್ ಮಾಡುತ್ತಿದ್ದೆ. ಮನೆಯವರೆಲ್ಲ ಸಾಲಾಗಿ ನಿಂತ ಫೋಟೊದಲ್ಲಿ ಹೆಣ್ಣಿನ ಸೋದರಮಾವನ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ಉಗ್ರಾಣದಲ್ಲಿ ನಗುವಿಗೆಂದೇ ಅತ್ತಿತ್ತ ಎಳೆಯುವ ಒಂದು ಪಟ್ಟಿ ಇದೆ. ಬಲಕ್ಕೆ ಎಳೆದಷ್ಟೂ ಮನುಷ್ಯ ನಗುತ್ತಾನೆ. ಮದುವೆ ಫೋಟೊ ಪಾಪ, ಚೆನ್ನಾಗಿರಲಿ ಅಂತ ಒಂಚೂರು ಎಳೆದೆ.

ಆಲ್ಬಮ್ ಕೊಟ್ಟ ವಾರದೊಳಗೇ ಆ ಸೋದರಮಾವ ಖುದ್ದಾಗಿ ಬಂದು ನಿಂತರು.

"ಲಗ್ನಪತ್ರಿಕೇಲಿ ನನ್ನ ಹೆಸರು ಬಿಟ್ಟಿದ್ರು ಮೇಡಂ. ಅದಕ್ಕೇ ನಾನು ಮದ್ವೇಲಿ ಒಂದು ಹನಿ ಪಾನಕ ಕೂಡ ಮುಟ್ಟಲಿಲ್ಲ. ಈಗ ನಮ್ಮ ಭಾವ ಆ ಆಲ್ಬಮ್ ಹಿಡ್ಕಂಡು ಮನೆಮನೆಗೂ ತೋರಿಸ್ತಾವ್ನೆ. 'ನೋಡ್ರಿ, ಹಲ್ಲು ಬಿಟ್ಕಂಡು ನಿಂತವ್ನೆ, ಸಿಟ್ಟಂತೆ ಸಿಟ್ಟು!' ಅಂತಾನೆ. ನನ್ನ ಮರ್ಯಾದೆ ಏನಾಗ್ಬೇಕು? ನನ್ನ ಸಿಟ್ಟು ನಂಗೆ ವಾಪಸ್ ಕೊಡ್ರಿ."

ನ್ಯಾಯವಾದ ಮಾತು. ಪಟ್ಟಿಯನ್ನು ಮೊದಲಿನ ಜಾಗಕ್ಕೆ ತಂದೆ. ಅವರು ಬಗ್ಗಿ ನೋಡಿದರು.

"ಇಷ್ಟೇನಾ?"

"ಅವತ್ತು ಇದ್ದಿದ್ದೇ ಇಷ್ಟು."

"ಇಲ್ಲ ಇಲ್ಲ, ನಂಗೆ ಇನ್ನೂ ಜಾಸ್ತಿ ಬಂದಿತ್ತು. ಎಳೀರಿ ಆ ಕಡೆ."

ಎಡಕ್ಕೆ ಪೂರ್ತಿ ಎಳೆದೆ. ಹುಬ್ಬು ಗಂಟಾಯಿತು, ಬಾಯಿ ಕೊಂಕಿತು, ಮಕ್ಕಳು ನೋಡಿದರೆ ಹೆದರಬೇಕು ಹಾಗಾಯಿತು. ಅವರಿಗೆ ಜೀವ ತಣ್ಣಗಾಗಿ ಮುಖ ಅರಳಿತು. ನಾನು ಕಂಪ್ಯೂಟರಿನಲ್ಲಿ ಅವರಿಗೆ ಹಾಕಿದ್ದ ನಗು ಇತ್ತಲ್ಲ, ಅದೇ ನಗು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಕೋಟು

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ರಾಮಗಿರಿ ಕಡೆಯ ಹಟ್ಟಿಯಿಂದ ಕುರಿ ಕಾಯುವ ಮನೆಯವನೊಬ್ಬ ಬಂದ. ಅವನ ಅಣ್ಣ ತೀರಿಕೊಂಡಿದ್ದ. ಹನ್ನೊಂದನೇ ದಿನ ಅಣ್ಣನ ಫೋಟೊ ಇಟ್ಟು, ಅದರ ಮುಂದೆ ಅವನಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಡೆ ಇಡಬೇಕು. ಇದ್ದ ಫೋಟೊ ಒಂದೇ, ಮಳೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಬಂಡೆಯ ಮೇಲೆ ಕೂತಿದ್ದಾನೆ. ತಲೆ ಮೇಲಿಂದ ಕಂಬಳಿಯನ್ನು ಮುಸುಕಿನ ಹಾಗೆ ಕೊಪ್ಪೆ ಹಾಕಿಕೊಂಡಿದ್ದಾನೆ. ಕೊಪ್ಪೆಯ ನೆರಳಲ್ಲಿ ಕಾಣುವುದು ಮೂಗಿನ ತುದಿ, ಬಿಳಿ ಮೀಸೆ ಅಷ್ಟೆ. ಪಕ್ಕದಲ್ಲಿ ಒಂದು ಟಗರು ಅವನ ಭುಜಕ್ಕೆ ತಲೆ ಆನಿಸಿ ನಿಂತಿದೆ.

"ಟಗರು ತೆಗೆದು ಮುಖ ಕಾಣಂಗೆ ಮಾಡ್ರಿ ಅಕ್ಕೋರೆ. ನಮ್ಮಣ್ಣ ಸಾಹೇಬ್ರಂಗೆ ಕಾಣ್ಬೇಕು" ಅಂದ ತಮ್ಮ.

ಇಂಥ ಅವಕಾಶಕ್ಕೇ ನಾನು ಕಾಯುತ್ತಿದ್ದೆ. ಕಾಣದ ಮುಖವನ್ನು ತಾನೇ ಊಹಿಸಿ ಬರೆಯುವ ಗುಂಡಿಯೂ ಆ ಉಗ್ರಾಣದಲ್ಲಿದೆ. ಒತ್ತಿದೆ. ಕಣ್ಣು ಬಂತು, ಕೆನ್ನೆ ಬಂತು, ನುಣ್ಣಗೆ ಬಾಚಿದ ಕ್ರಾಪು ಬಂತು. ಕಂಬಳಿ ತೆಗೆದು ನೀಲಿ ಕೋಟು ತೊಡಿಸಿದೆ, ಕೆಂಪು ಟೈ ಕಟ್ಟಿದೆ. ಬಂಡೆ ಇದ್ದ ಜಾಗದಲ್ಲಿ ಹಿಮದ ಬೆಟ್ಟ ನಿಲ್ಲಿಸಿದೆ. ಫ್ರೇಮು ಕಟ್ಟಿಸಿ ಕೊಟ್ಟಾಗ ತಮ್ಮ ಕಣ್ಣೊರೆಸಿಕೊಂಡ.

"ನಮ್ಮಣ್ಣ ಬದುಕಿದ್ದಾಗ ಒಂದು ದಿನಾನೂ ಹಿಂಗಿರ್ಲಿಲ್ಲ ಕಣ್ರಿ."

ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಉಗ್ರಾಣದ ಕುರಿ

ಹನ್ನೊಂದನೇ ದಿನಕ್ಕೆ ಇನ್ನೊಂದೇ ದಿನ ಇತ್ತು. ತಮ್ಮ ಮತ್ತೆ ಬಂದ, ಜೊತೆಗೆ ಅವನ ಅತ್ತಿಗೆ, ಸತ್ತವನ ಹೆಂಡತಿಯೂ ಇದ್ದಳು. ಫೋಟೊವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ನಾನು ಟವೆಲು ಬಿಚ್ಚಿದ್ದೇ ತಡ, ಆಕೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿ ನಿಂತಳು.

"ಯಾರವ್ವ ಈ ಯಪ್ಪ?" ಅಂದಳು. "ತಂದಾಗಿಂದ ಗೋಡೆ ಮೇಲೆ ಕುಂತು ನನ್ನೇ ನೋಡ್ತಾನೆ. ಪರಗಂಡಸಿನ ಮುಂದೆ ಹೆಂಗೆ ಓಡಾಡ್ಲಿ? ನಾಳೆ ನಾನು ಇವ್ನಿಗೆ ಮುದ್ದೆ ಇಟ್ರೆ, ನಮ್ಮನೆಯೋನು ಹಸ್ಕಂಡು ಬಾಗ್ಲಾಗೆ ನಿಂತ್ಕಂತಾನೆ."

ನನಗೆ ನಗು ಬರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲಿನ ಫೋಟೊ ತೆರೆದೆ. ಆಕೆ ಸೆರಗು ಸರಿಸಿ ಹತ್ತಿರ ಬಂದಳು. ಪರದೆಯ ಮೇಲಿನ ಕಂಬಳಿಗೆ ಕೈ ಇಟ್ಟಳು.

"ಇಗಾ, ಇವ್ನು."

"ಇದ್ರಾಗೆ ಮುಖಾನೇ ಕಾಣಲ್ಲ ಅತ್ತಿಗೆ" ಅಂದ ಮೈದುನ.

"ಮುಖ ಯಾರಿಗ್ ಬೇಕಪ್ಪ? ಸಂಜೆ ಕುರಿ ಹೊಡ್ಕಂಡು ಬರುವಾಗ ದೂರದಿಂದ ನಂಗೆ ಕಾಣ್ತಿದ್ದಿದ್ದು ಆ ಕೊಪ್ಪೇನೇ. ಅದು ಕಂಡ ಮ್ಯಾಲೆ ಒಲೆ ಮೇಲೆ ಎಸರು ಇಡ್ತಿದ್ದೆ."

ಸರಿ, ಏನನ್ನೂ ಮುಟ್ಟುವುದು ಬೇಡ ಎಂದುಕೊಂಡೆ. ಉಗ್ರಾಣದಿಂದ ಹಾರ ಒಂದನ್ನೇ ತೆಗೆದು ಕೊರಳಿಗೆ ಹಾಕಿದೆ. ಆ ಹಾರ ಒಂದೇ ಅಳತೆಯದು, ಭಾರೀ ಅಗಲ. ಭುಜಕ್ಕೆ ಒರಗಿದ್ದ ಟಗರಿನ ಕುತ್ತಿಗೆಯನ್ನೂ ಸೇರಿಸಿಕೊಂಡು ಬಿತ್ತು.

ಮೈದುನ ಬೆಚ್ಚಿಬಿದ್ದ. "ಅಯ್ಯೋ, ಟಗರಿಗೂ ಹಾರ ಬಿತ್ತಲ್ರಿ! ಅದಿನ್ನೂ ಬದುಕೈತೆ!"

"ತಡೀರಿ, ಸಣ್ಣದು ಮಾಡ್ತೀನಿ" ಅಂತ ನಾನು ಮೌಸಿಗೆ ಕೈ ಹಾಕಿದೆ. ಆಕೆ ನನ್ನ ಕೈ ಹಿಡಿದಳು. ಆಮೇಲೆ ಮೈದುನನ ಕಡೆ ತಿರುಗಿದಳು.

"ನಾಳೆ ಊಟಕ್ಕೆ ಯಾವ್ದು ಕಡೀತೀವಿ ಅಂದಿದ್ರಪ್ಪ?"

ಅವನು ನೆಲ ನೋಡಿದ. "ಅದನ್ನೇ."

ಆ ಟಗರು ಗಂಡ ಕೈಯಾರೆ ಸಾಕಿದ್ದಂತೆ. ಅದೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಕಡಿಯಿರಿ ಅಂತ ಆಕೆ ಹೇಳಿ ಹೇಳಿ ಸಾಕಾಗಿದ್ದಳು. ಮಂದೆಯಲ್ಲಿ ಅಷ್ಟು ಕೊಬ್ಬಿದ್ದು ಇನ್ನೊಂದಿಲ್ಲ ಅಂತ ಗಂಡಸರು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಫೋಟೊದಾಗೆ ಹಾರ ಬಿದ್ದೋರಿಗೆ ಎಡೆ ಇಡ್ತಾರೆ" ಅಂದಳು ಆಕೆ. "ಅವ್ರನ್ನೇ ಕಡಿದು ಎಡೆ ಮಾಡ್ತಾರೇನು? ಯವ್ವಾ, ಹಾರ ಹಂಗೇ ಇರ್ಲಿ."

ಮೈದುನ ಅಲ್ಲೇ ಬೆಂಚಿನ ಮೇಲೆ ಕುಸಿದ. ಕೂತಲ್ಲಿಂದಲೇ ನನ್ನ ಮೇಲೆ ತಿರುಗಿಬಿದ್ದ. "ಎಲ್ಲಾ ನಿಮ್ಮಿಂದ ಆಗಿದ್ದು ಅಕ್ಕೋರೆ. ಕೋಟು ಐತೆ, ಬೆಟ್ಟ ಐತೆ, ಹಾರ ಐತೆ ಅಂತೀರಿ. ನಾಳೆ ನೆಂಟ್ರು ಊಟಕ್ಕೆ ನಿಮ್ಮ ಕಂಪ್ಯೂಟ್ರಾಗೆ ಒಂದು ಕುರಿ ಇದ್ರೆ ನೋಡ್ರಿ!"

ಅಭ್ಯಾಸಬಲ. ಹುಡುಕಿಯೇ ಬಿಟ್ಟೆ. ಇತ್ತು! ಬೆಳ್ಳಗೆ, ದುಂಡಗೆ, ಯಾವುದೋ ದೇಶದ ಹಸಿರು ಹುಲ್ಲು ತಿಂದು ಬೆಳೆದ ಕುರಿ. ಅವನು ಸಿಟ್ಟು ಮರೆತು ಎದ್ದು ಬಂದ.

"ಒಂಚೂರು ತಿರುಗಿಸ್ರಿ."

ತಿರುಗಿಸಿದೆ. ಸಂತೆಯಲ್ಲಿ ನಿಂತವನ ಹಾಗೆ ಕಣ್ಣು ಕಿರಿದು ಮಾಡಿ ಮೇಲೆ ಕೆಳಗೆ ನೋಡಿದ. ಪರದೆಯ ಮೇಲೇ ಅದರ ಬೆನ್ನು ಅಮುಕಿದ. ಆಮೇಲೆ ಬಹಳ ಗಂಭೀರವಾಗಿ ತಲೆಯಾಡಿಸಿದ.

"ಬ್ಯಾಡ ಅತ್ತಿಗೆ. ಬರೀ ಉಣ್ಣೆ ಐತೆ. ಇದನ್ನ ಹಾಕಿದ್ರೆ ನೆಂಟ್ರು ಮುನಿಸ್ಕಂಡು ಎದ್ದು ಹೋಗ್ತಾರೆ."

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಕುಲುಕುವುದನ್ನು ನೋಡಿ ತಿಳಿಯಿತು, ನಗುತ್ತಿದ್ದಳು. ಗಂಡ ಸತ್ತ ಮೇಲೆ ಮೊದಲ ಸಲ ಅಂತ ಮೈದುನ ಆಮೇಲೆ ಹೇಳಿದ. ನಾನೂ ತಡೆದುಕೊಳ್ಳಲಾಗದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಏನು ಅನಾಹುತ ಆಯಿತೋ ಅಂತ ಓಡಿ ಬಂದರು.